ವಾಸನೆಗೆ ನಾವಿಟ್ಟ ಹೆಸರು

ಮಡಗಾಂವಿನ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಶುಕ್ರವಾರ ಊಟವಾದ ಮೇಲೆ ಒಬ್ಬರ ಕೋಡನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟು ಎಲ್ಲರೂ ಕೂತು ನೋಡುವುದು ರೂಢಿ. ಕೋಡು ಸರಿಯಾಗಿಯೇ ಓಡುತ್ತಿರುತ್ತದೆ, ಆದರೂ ಮುಂದೆಲ್ಲೋ ಕೆಡುವ ಲಕ್ಷಣ ಕಾಣುತ್ತದೆ. ಅದಕ್ಕೆ ನಮ್ಮ ಕಸುಬಿನಲ್ಲಿ ವಾಸನೆ ಅನ್ನುತ್ತಾರೆ. ಪುಸ್ತಕಗಳಲ್ಲಿ ಒಂದೊಂದು ವಾಸನೆಗೂ ಇಂಗ್ಲಿಷ್ ಹೆಸರಿದೆ. ನಮ್ಮವರು ತಮ್ಮದೇ ಹೆಸರಿಟ್ಟುಕೊಂಡಿದ್ದರು. ಕೋಡಿನ ಒಂದು ತುಂಡು ಮುಗಿಯದಷ್ಟು ಉದ್ದವಾದರೆ ‘ರೈಲು’. ಒಂದೇ ತುಂಡನ್ನು ಹತ್ತು ಕಡೆ ಅಂಟಿಸಿದ್ದರೆ ‘ಘಾಂಟಿ’.

ಘಾಂಟಿ ಎಂದರೆ ಘಟ್ಟದಾಚೆಯಿಂದ ಕೂಲಿಗೆ ಬಂದವರನ್ನು ಗೋವಾದಲ್ಲಿ ಹಳಿಯುವ ಮಾತು. ಒಬ್ಬ ಬಂದರೆ ಹಿಂದೆಯೇ ಹತ್ತು ಜನ ಬರುತ್ತಾರಂತೆ, ಅದಕ್ಕೇ ಅಂಟಿಸಿದ ಕೋಡಿಗೂ ಆ ಹೆಸರು. ನಾನು ಇದೇ ಊರಿನ ಗುಡ್ಡದ ಮೇಲಿನ ಕೂಲಿಯವರ ಕೇರಿ, ಮೋತಿ ಡೊಂಗರಿನಲ್ಲಿ ಹುಟ್ಟಿದವಳು. ಅಪ್ಪ ವಿಜಾಪುರದ ಕಡೆಯಿಂದ ಬಂದ ಗೌಂಡಿ. ನನ್ನ ಕೊಂಕಣಿ ಕೇಳಿ ಆಫೀಸಿನಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಎಲ್ಲರ ಜೊತೆ ನಾನೂ ಹಲ್ಲು ಕಿರಿಯುತ್ತಿದ್ದೆ. ಥೂ, ಅದೂ ಒಂದು ನಗುವೇ!

ಆಮೇಲೆ ಗದಗಿನ ಕಡೆಯ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ಗೋವಾ ಹೊಸದು, ಕೊಂಕಣಿ ಬಾರದು. ನಾನು ಮೆಟ್ಟಿಲ ಬಳಿ ಅವ್ವನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿದ್ದದ್ದೇ ತಡ, ನನಗೆ ಅಂಟಿಕೊಂಡಳು. “ಅಕ್ಕಾರ, ನೀವೊಬ್ರು ಅದೀರಂತ ಧೈರ್ಯ ನೋಡ್ರಿ” ಅನ್ನುತ್ತಿದ್ದಳು.

ಅವಳ ಕೋಡು ಗೋಡೆಗೆ ಬಂದ ದಿನ, ಒಂದೇ ಲೆಕ್ಕವನ್ನು ಅಲ್ಲಲ್ಲಿ ಅಂಟಿಸಿದ್ದು ಕಣ್ಣಿಗೆ ರಾಚಿತು.

“ಘಾಂಟಿ!” ಎಂದು ಕೋಣೆಯೇ ಕೂಗಿತು.

ಅವಳು ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು. “ಹಂಗಂದ್ರೇನ್ರಿ, ಅಕ್ಕಾರ?”

ಅರ್ಥ ಹೇಳಲು ಹಿಂಜರಿದೆ. ಅವಳಿಗೆ ನೋವಾದೀತೆಂದಲ್ಲ. ಹೇಳಿದರೆ ಈ ಹುಡುಗಿ ಸಿಟ್ಟಿಗೆದ್ದು, ‘ನಾವಿಬ್ರೂ ಅವ್ರೇ ಅಲ್ಲೇನ್ರಿ’ ಎಂದುಬಿಟ್ಟರೆ ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರಲ್ಲ, ಅದು ನನ್ನ ದಿಗಿಲು.

“ಏನಿಲ್ಲವಾ. ಬರದದ್ದನ್ನ ಮತ್ತ ಮತ್ತ ಬರದ್ರ ಹಂಗಂತಾರ. ಒಂದ ಕಡಿ ಇಟ್ಟು ಬಾಕಿ ಕಡಿಂದ ಅದನ್ನ ಕರಿ, ಮುಗೀತು” ಎಂದು ನಾನೂ ಪಿಸುಮಾತಿನಲ್ಲೇ ಅಂದೆ.

“ಇಷ್ಟನ? ನಾ ಏನೋ ಅಂತ ಹೆದರಿದ್ದೆ ನೋಡ್ರಿ” ಎಂದು ನಕ್ಕಳು. ಕೂತು ತಿದ್ದಿದಳು, ನನಗಿಂತ ಅಚ್ಚುಕಟ್ಟಾಗಿ.

ಮುಂದಿನ ಶುಕ್ರವಾರ ಇನ್ನೊಬ್ಬರ ಕೋಡು. ಎಲ್ಲರಿಗಿಂತ ಮೊದಲು ಅವಳೇ ಗುರುತಿಸಿದಳು. ಅಷ್ಟು ದಿನ ತುಟಿ ಬಿಚ್ಚದ ಹುಡುಗಿ ಎದ್ದುನಿಂತು, ಬೆರಳು ತೋರಿಸಿ, ಗಟ್ಟಿಯಾಗಿ ಅಂದಳು, “ಘಾಂಟಿ!”

ಎಲ್ಲರೂ ಮುಖ ಮುಖ ನೋಡಿಕೊಂಡರು. ಅವಳು ಎಲ್ಲಿಯವಳೆಂದು ಅವರಿಗೆಲ್ಲ ಗೊತ್ತಿತ್ತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಚಪ್ಪಾಳೆ ತಟ್ಟಿದರು. ಮೆಚ್ಚಿದರೆಂದು ಅವಳ ಮುಖ ಅರಳಿತು. ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲೇ ನನ್ನನ್ನು ಕೇಳಿದಳು, “ಬರೋಬ್ಬರಿ ಹೇಳಿದ್ನಿಲ್ರಿ, ಅಕ್ಕಾರ?”

ಹೌದೆನ್ನುವುದನ್ನು ನಾನು ಕೊಂಕಣಿಯಲ್ಲಿ ಅಂದೆ, “ಹೊಯ್.”