ಆಕೆಯ ಬಗ್ಗೆ ಕೇಳಿದ ವಕೀಲರು

ನಿನ್ನೆ ಟ್ರಂಕು ತೆಗೆದೆ ನೋಡ್ರಿ, ಡಾಂಬರ ಗುಳಿಗೆಯ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ನಾನು ಹುಡುಕುತ್ತಿದ್ದದ್ದು ಒಂದು ಚಾದರ; ಕೈಗೆ ಬಂದದ್ದು ಕರಿ ಅಲ್ಪಾಕಾದ ಕೋಟು. ಒಕ್ಕಲುತನ ಮಾಡುವವನಿಗೆ ಕೋಟು ಯಾಕಪ್ಪಾ ಅಂತ ನೀವು ನಗಬಹುದು. ನಗ್ರಿ, ಊರೇ ನಕ್ಕಿದೆ. ಸೊಲ್ಲಾಪುರದ ಶಿಂಪಿಯೊಬ್ಬ, "ಕೋಟಿಲ್ಲದಾಂವನ ಮಾತು ಕೋರ್ಟಿನ್ಯಾಗ ಯಾರೂ ಕಿವಿಗಿ ಹಾಕ್ಕೊಳ್ಳೂದಿಲ್ರಿ ಧಣ್ಯಾರ" ಅಂದ. ನಾನು ಮಹಾ ಶಾಣ್ಯಾ, ನಂಬಿದೆ. ಅವನು ಹೊಲಿದ ತೋಳು ಎಷ್ಟು ಉದ್ದವಿತ್ತೆಂದರೆ, ಜಡ್ಜ ಸಾಹೇಬರಿಗೆ ಕೈಮುಗಿಯಬೇಕಾದರೆ ಮೊದಲು ನನ್ನ ಕೈ ನಾನೇ ಹುಡುಕಬೇಕಾಗುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಕೋಟು ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟೆ. ಇವತ್ತು ನೀವಾದರೂ ಬಂದಿರಿ, ಕೂಡ್ರಿ, ಹೇಳತೇನೆ.

ನಮ್ಮದು ಅಕ್ಕಲಕೋಟ ಸಂಸ್ಥಾನ, ಹೊಲ ಚಪಳಗಾಂವದ ಕಡೆಗೆ. ನನ್ನ ಹೆಂಡತಿ ಸೊಲ್ಲಾಪುರದ ಕಾಳಿನ ವ್ಯಾಪಾರಿಗಳ ಮಗಳು. ಮದುವೆಯಾಗಿ ಕೆಲವು ವರ್ಷಕ್ಕೆ ಆಕೆಯ ದವಡೆಯ ಕೆಳಗೆ ಒಂದು ಗಂಟು ಎದ್ದಿತು. ನೋವಿಲ್ಲ, ಜ್ವರವಿಲ್ಲ. ಆದರೂ ತವರಿಗೆ ಹೋದಾಗ ಆಕೆಯ ತಾಯಿ ಅಲ್ಲಿಯ ದೊಡ್ಡ ಡಾಕ್ಟರೊಬ್ಬರ ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದರು. "ಸಣ್ಣ ಕೆಲಸ, ಕೊಯ್ದು ತೆಗೀತೀನಿ, ಸಂಜೀಕ ಮನಿಗಿ ಕರಕೊಂಡ ಹೋಗ್ರಿ" ಅಂದರಂತೆ ಡಾಕ್ಟರರು. ನನ್ನ ಅತ್ತೆ, "ಹುಡುಗಿಗಿ ದಮ್ಮು ಹತ್ತತದ್ರಿ, ನಾಕ ಪಾವಟಿಗಿ ಏರಿದ್ರ ಕೂತಬಿಡತಾಳ" ಅಂತ ಹೇಳಿಯೂ ಹೇಳಿದರು. "ಹೆಣಮಕ್ಕಳಿಗಿ ಎಲ್ಲಾರಿಗೂ ದಮ್ಮು ಹತ್ತತದ" ಅಂದು ಡಾಕ್ಟರರು ಕೈ ತೊಳೆಯಲು ಹೋದರು. ಎದೆಗೆ ನಳಿಗೆ ಹಚ್ಚಿ ನೋಡಲಿಲ್ಲ. ಕ್ಲೋರೋಫಾರ್ಮ್ ಕೊಟ್ಟರು. ಆಕೆ ಮತ್ತೆ ಏಳಲಿಲ್ಲ. ನಾನು ಆ ಹೊತ್ತಿಗೆ ಕಣದಲ್ಲಿ ಜೋಳದ ರಾಶಿ ಮಾಡಿಸುತ್ತಿದ್ದೆ.

ಮಣ್ಣು ಕೊಟ್ಟು ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಣಿಬರಹ. ಬ್ರಹ್ಮ ಬರದದ್ದು ಡಾಕ್ಟರ ಏನು ತಿದ್ಯಾನು?" ನನಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಎದೆಗೆ ನಳಿಗೆ ಹಚ್ಚಲಿಕ್ಕೂ ಬ್ರಹ್ಮನೇ ಬರಬೇಕಿತ್ತೇನು? ನನಗೆ ಬೇಕಾಗಿದ್ದದ್ದು ಇಷ್ಟೇ: ನಾಲ್ಕು ಮಂದಿಯ ಮುಂದೆ ಆ ಮನುಷ್ಯ "ನಾ ನೋಡಲಿಲ್ಲ, ತಪ್ಪಾತು" ಅಂತ ಬಾಯಿಬಿಟ್ಟು ಹೇಳಬೇಕು. ಖಟ್ಲೆ ಹೂಡುತ್ತೇನೆ ಅಂದಾಗ ಅಣ್ಣ ಊಟದ ತಾಟು ಸರಿಸಿದ. "ಹುಚ್ಚ ಹಿಡದದೇನು ನಿನಗ? ಸತ್ತ ಹೆಣತಿ ಸಲುವಾಗಿ ಕೋರ್ಟು ಏರಿದಾಂವಗ ನಾಳಿ ಯಾರು ಹೆಣ್ಣು ಕೊಡ್ತಾರ?" ಅಂದ. ಪ್ರೀತಿಯಿಂದಲೇ ಅಂದ, ಅದಕ್ಕೇ ಇನ್ನೂ ಕೆಟ್ಟನಿಸಿತು.

ನಮ್ಮ ಕಡೆ ಒಂದು ರೀತಿ ಇದೆ. ಎತ್ತು ಸತ್ತರೆ ಗಂಡಸು ಕಟ್ಟೆಯ ಮೇಲೆ ಕೂತು ಅಳಬಹುದು. ಜನ ಬಂದು ಮಗ್ಗುಲಿಗೆ ಕೂಡುತ್ತಾರೆ, ಎತ್ತಿನ ಕೋಡು ಹೊಗಳುತ್ತಾರೆ, ಅದು ಬಂಡಿ ಎಳೆದ ಪರಿ ಹೊಗಳುತ್ತಾರೆ. ಹೆಂಡತಿ ಸತ್ತರೆ ಮಾತ್ರ ಹಾಗಲ್ಲ. ಕಣ್ಣೊರೆಸಿಕೊಂಡರೆ "ಹೆಣತಿ ಗುಲಾಮ" ಅಂದುಬಿಡುತ್ತಾರೆ. ನಾನು ಆಕೆಯ ಸುದ್ದಿ ತೆಗೆದರೆ ಸಾಕು, ಕೂತವರು ಜೋಳದ ಧಾರಣೆಯ ಮಾತು ಎತ್ತುತ್ತಿದ್ದರು. ಆಮೇಲೆ ಆಮೇಲೆ ನಾನೂ ಧಾರಣೆಯನ್ನೇ ಮಾತಾಡತೊಡಗಿದೆ.

ಅಂಥ ದಿನಗಳಲ್ಲಿ ಸೊಲ್ಲಾಪುರದ ವಕೀಲರೊಬ್ಬರ ಅಟ್ಟ ಹತ್ತಿದೆ. ಕೆಳಗೆ ಮಗ್ಗ, ಮೇಲೆ ಅವರ ಕಚೇರಿ. ಮಗ್ಗದ ಖಟಖಟದಲ್ಲಿ ಮಾತು ಕೇಳಿಸಬೇಕಾದರೆ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂಡಬೇಕು. ಅರ್ಧ ಮರಾಠಿ, ಅರ್ಧ ಕನ್ನಡದ ಮನುಷ್ಯ, ಬಾಯಲ್ಲಿ ಯಾವಾಗಲೂ ಲವಂಗ. ನಾನು ಕಾಯ್ದೆಯ ಮಾತು ಬರುತ್ತದೆ ಅಂತ ಕಾಯುತ್ತಿದ್ದರೆ ಅವರು ಕೇಳಿದ್ದು, "ಹೂಂ, ಹೇಳ್ರಿ. ನಿಮ್ಮ ಮಂಡಳಿ ಹ್ಯಾಂಗಿದ್ರು?" ಮಂಡಳಿ ಅಂದರೆ ಹೆಂಡತಿ, ನಮ್ಮಲ್ಲಿ ಮರ್ಯಾದೆಯ ಮಾತು. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

"ಹ್ಯಾಂಗ ಅಂದ್ರ?"

"ಅಂದ್ರ, ನೀರಿಗಿ ಹೋದ್ರ ನಡುವ ಕೂಡತಿದ್ರೇನು? ಮಲಗಬೇಕಾದ್ರ ತಲಿದಿಂಬು ಎತ್ತರ ಬೇಕಿತ್ತೇನು? ಎಲ್ಲಾ ಹೇಳ್ರಿ. ಏನೂ ಬಿಡಬ್ಯಾಡ್ರಿ."

ಆಕೆಯ ಎದೆ ಮೊದಲೇ ಸೋತಿತ್ತು, ಮುಟ್ಟಿ ನೋಡಿದ್ದರೆ ಯಾವ ಡಾಕ್ಟರನಿಗೂ ತಿಳಿಯುತ್ತಿತ್ತು ಅನ್ನುವುದು ಅವರ ವಾದ. ಅದಕ್ಕೆ ಪುರಾವೆ ಬೇಕು, ಪುರಾವೆ ಅಂದರೆ ನನ್ನ ನೆನಪು. ಹೇಳಿದೆ. ಬಾವಿಯ ಮೆಟ್ಟಿಲ ಮೇಲೆ ಕೊಡ ಇಳಿಸಿ ಕೂಡುತ್ತಿದ್ದಳು. ಯಾರಾದರೂ ಬಂದರೆ ಕೊಡದ ನೀರಿನಲ್ಲಿ ಮುಖ ನೋಡಿ ಕುಂಕುಮ ಸರಿಮಾಡಿಕೊಳ್ಳುವ ನೆಪ ಮಾಡುತ್ತಿದ್ದಳು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, "ಪ್ಯಾಟಿ ಹುಡುಗಿ, ಮೈಗಳ್ಳಿ" ಅಂತ ಮೂಗು ಮುರಿಯುತ್ತಿದ್ದಳು. ರಾತ್ರಿ ಆಕೆಗೆ ಎರಡು ದಿಂಬು ಬೇಕು, ಎರಡನೆಯದು ನನ್ನದು. ಹೇಳಿದಷ್ಟೂ ನೆನಪು ಒಸರುತ್ತಿತ್ತು. ತಾರೀಕು ಇಲ್ಲದ ದಿನವೂ ರೈಲು ಹತ್ತಿ ಹೋಗಿ, "ಮತ್ತೊಂದು ನೆನಪಾತ್ರಿ" ಅಂತ ಅಟ್ಟದ ಬಾಗಿಲಲ್ಲಿ ನಿಲ್ಲುತ್ತಿದ್ದೆ. ವಕೀಲರು ಒಂದು ದಿನವೂ ಸಾಕು ಅನ್ನಲಿಲ್ಲ. ಬಂಡಿ ಬಂಡಿ ನೆನಪು ಹೊತ್ತು ತರುವ ಇಂಥ ಪಕ್ಷಕಾರ ಅವರಿಗೆ ಇನ್ನೊಬ್ಬ ಸಿಕ್ಕಿರಲಾರ.

ಆದರೆ ತೊಡಕು ಬಂದದ್ದು ಬೇರೆ ಕಡೆಯಿಂದ. ನಮ್ಮಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಮದುಮಗನ ಕೈಯಿಂದ ಹೆಂಡತಿಗೆ ಹೊಸ ಹೆಸರು ಬರೆಸುತ್ತಾರೆ. ನಾನೂ ಬರೆದಿದ್ದೆ: ಭಾಗೀರಥಿ. ತವರಿನವರಿಗೆ ಮಾತ್ರ ಆಕೆ ಕಡೆತನಕ ನೀಲಾ. ದವಾಖಾನೆಯಲ್ಲಿ ಹೆಸರು ಕೇಳಿದಾಗ ತಾಯಿ ತಾನು ಕರೆಯುವ ಹೆಸರು ಹೇಳಿದ್ದಾರೆ; ದಾವೆಯಲ್ಲಿ ನಾನು ನಮ್ಮ ಮನೆಯಲ್ಲಿ ಇಟ್ಟ ಹೆಸರು ಬರೆಸಿದ್ದೇನೆ. ಎದುರು ವಕೀಲರಿಗೆ ಇಷ್ಟು ಸಾಕಾಯಿತು. "ಭಾಗೀರಥಿ ಅನ್ನೋ ಹೆಂಗಸು ನಮ್ಮ ಡಾಕ್ಟರರ ದವಾಖಾನಿ ಮೆಟ್ಟಿಲಾ ಸುದ್ದಾ ಹತ್ತಿಲ್ಲ. ಈ ಮನುಷ್ಯಾ ಯಾರ ಸಾವಿಗಿ ಅಳಾಕತ್ಯಾನ?" ಅಂದರು.

ಉದ್ದ ತೋಳಿನ ಕೋಟು ಹಾಕಿಕೊಂಡು ನಾನು ಕಟಕಟೆಯಲ್ಲಿ ನಿಂತೆ. ಸಾಹೇಬರೇ ಕೇಳಿದರು, "ಮನ್ಯಾಗ ನೀವು ಅಕಿಗಿ ಏನಂತ ಕರೀತಿದ್ರಿ? ನೀಲಾ ಅಂತಿದ್ರೋ, ಭಾಗೀರಥಿ ಅಂತಿದ್ರೋ?"

ಹಿರಿಯರಿದ್ದ ಮನೆಯಲ್ಲಿ ಹೆಂಡತಿಯ ಹೆಸರು ಹಿಡಿದು ಕೂಗುವವರು ಯಾರಿದ್ದಾರೆ ಹೇಳ್ರಿ? "ಏನೂ ಅಂತಿದ್ದಿಲ್ರಿ ಸಾಹೇಬರ" ಅಂದೆ. "ಅಂಗಳದಾಗ ನಿಂತು ಕೆಮ್ಮತಿದ್ದೆ. ಅಕಿ ಬರ್ತಿದ್ಲು."

ಕೋರ್ಟು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಗುನಗುತ್ತಲೇ ಕಣ್ಣು ತುಂಬಿ ಎದುರಿನವರು ಮಸಕಾದರು. ಇನ್ನು ಎಷ್ಟು ಕೆಮ್ಮಿದರೂ ಯಾರೂ ಬರುವುದಿಲ್ಲ ಅನ್ನುವುದು ಅಲ್ಲಿ, ಅಷ್ಟು ಮಂದಿಯ ನಡುವೆ, ನನಗೆ ತಿಳಿಯಿತು.

ಆಮೇಲೆ ನನ್ನ ಅತ್ತೆ ಬಂದರು. ಪರಗಂಡಸರ ಮುಂದೆ ಎಂದೂ ಬಾಯಿ ತೆರೆಯದ ಹೆಣ್ಣುಮಗಳು, ತಲೆಯ ಸೆರಗು ಹಲ್ಲಲ್ಲಿ ಕಚ್ಚಿಕೊಂಡು ನಿಂತರು. ಸೆರಗು ಬಿಟ್ಟು ಹೇಳಿದರು: "ಸಾಹೇಬರ, ನಾ ಹಡದ ನೀಲಾ ಅಕಿ. ಇವರು ಮನಿಗಿ ಒಯ್ದು ಭಾಗೀರಥಿ ಅಂದ್ರು. ಹೆಸರು ಎರಡು ಇರ್ಲಿ, ನನ್ನ ಮಗಳು ಒಬ್ಬಾಕಿನ. ಆ ಒಬ್ಬಾಕಿನ ಸತ್ತಳ್ರಿ." ಯಾರೂ ನಗಲಿಲ್ಲ. ಸಾಹೇಬರು ಹೆಸರಿನ ಮಾತು ಅಲ್ಲಿಗೇ ಮುಗಿಸಿದರು.

ಡಾಕ್ಟರರ ಸರದಿ ಬಂದಾಗ ನಮ್ಮ ವಕೀಲರು ಸುತ್ತಿಬಳಸದೆ ಕೇಳಿದರು: ಎದೆ ಪರೀಕ್ಷೆ ಮಾಡಿದ್ರೋ ಇಲ್ಲೋ? ಡಾಕ್ಟರರು ಕಣ್ಣಿನ ಚಾಳೀಸು ತೆಗೆದು ಒರೆಸಿದರು. "ಗರಜ ಅನಸಲಿಲ್ಲ" ಅಂದರು; ನೋಡುವ ಅಗತ್ಯವೇ ಕಾಣಲಿಲ್ಲವಂತೆ. ಅಷ್ಟೇ. ನಾನು ಹಗಲೂ ರಾತ್ರಿ ಕಾದ ಮಾತು ಬಂದೇ ಬಂತು; ಬಂದಾಗ ನೋಡಿದರೆ ಇಷ್ಟೇ ಇಷ್ಟು. ತಪ್ಪಾಯಿತು ಅನ್ನುವುದು ಅದರಲ್ಲಿ ಇರಲಿಲ್ಲ. ಆ ಮನುಷ್ಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಾಗೆ ನೋಡದೆ ಕ್ಲೋರೋಫಾರ್ಮ್ ಕೊಟ್ಟದ್ದು ತಪ್ಪು ಅಂತ ಹೇಳಲು ಇನ್ನೊಬ್ಬ ಡಾಕ್ಟರರ ಸಾಕ್ಷಿ ಬೇಕಂತೆ. ವಕೀಲರು ಊರಿನ ಡಾಕ್ಟರರ ಹೊಸ್ತಿಲೆಲ್ಲ ತುಳಿದರು. ಆ ಡಾಕ್ಟರರೆಲ್ಲ ಚಹಾ ಕೊಟ್ಟರು, ಮರುಗಿದರು, ಕೋರ್ಟಿಗೆ ಮಾತ್ರ ಒಬ್ಬರೂ ಬರಲಿಲ್ಲ. ಖಟ್ಲೆ ಬಿದ್ದುಹೋಯಿತು.

"ಮ್ಯಾಲಿನ ಕೋರ್ಟಿಗಿ ಅಪೀಲ ಹಾಕೂಣು" ಅಂದರು ವಕೀಲರು.

"ಅಲ್ಲಿ ನನ್ನ ಕರದು ಅಕಿ ಬಗ್ಗೆ ಕೇಳತಾರೇನ್ರಿ?"

"ಇಲ್ಲ. ಅಲ್ಲಿ ಸಾಕ್ಷಿ ತಗೊಳ್ಳೂದಿಲ್ಲ. ಬರದದ್ದು ಓದತಾರ, ತೀರ್ಪು ಕೊಡತಾರ."

"ಹಂಗಾದ್ರ ಬ್ಯಾಡ್ರಿ" ಅಂದೆ. ಅವರು ಕಾಗದಪತ್ರ ಕಟ್ಟಿಟ್ಟರು, ಒತ್ತಾಯ ಮಾಡಲಿಲ್ಲ.

ಆಮೇಲೂ ಒಂದೆರಡು ಸಲ ಆ ಅಟ್ಟ ಹತ್ತಿದ್ದುಂಟು. ಬೇರೆ ಯಾರೋ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು ತಮ್ಮ ಹೊಲದ ಬದುವಿನ ಜಗಳ ಹೇಳುತ್ತಿರುತ್ತಿದ್ದರು. ಖಟ್ಲೆ ಮುಗಿದವನು ಅಲ್ಲಿ ಏನಂತ ಕೂಡಬೇಕು? ಇಳಿದು ಬಂದೆ. ಹೆಣ್ಣು ಕೊಡಲು ಬಂದವರನ್ನು ನಾನೇ ಒಲ್ಲೆ ಅಂದೆ. ವಾಟ್ನಿಯಾಗಿ ಅಣ್ಣನೂ ನಾನೂ ಬೇರೆಯಾದ ಮೇಲೆ ಈ ಎರಡು ಖೋಲಿಯಲ್ಲಿ ನಾನೊಬ್ಬನೇ ಇದ್ದೇನೆ.

ಇಷ್ಟು ವರ್ಷದ ಮೇಲೆ ಇವತ್ತು ನಿಮ್ಮ ಮುಂದೆ ಹೇಳುತ್ತಾ ಹೇಳುತ್ತಾ ಒಂದು ಹೊಳೆಯಿತು ನೋಡ್ರಿ. ವಕೀಲರು ಒಳ್ಳೆಯವರೇ, ಆದರೆ ಅವರು ಕೇಳಿದ್ದೆಲ್ಲ ಆಕೆಯ ದಮ್ಮು, ಆಕೆಯ ದಣಿವು. ಕೋರ್ಟಿಗೆ ಬೇಕಾಗಿದ್ದದ್ದು ಅಷ್ಟೇ. ಹಾಗಾಗಿ ನಾನೂ ಅಷ್ಟನ್ನೇ ನೆನೆದು ನೆನೆದು, ಆಕೆ ಹುಟ್ಟಿದ್ದೇ ದಣಿಯಲಿಕ್ಕೆ ಅನ್ನುವ ಹಾಗೆ ಮಾಡಿಕೊಂಡಿದ್ದೆ. ಆಕೆ ಎಷ್ಟು ನಗುತ್ತಿದ್ದಳು ಅಂತ ಯಾವ ಕೋರ್ಟೂ ಕೇಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯದ ನಗು ಅದು. ಏಳಬೇಡ್ರಿ, ಇನ್ನೂ ಹೊತ್ತದೆ. ನೀಲಾ ಯಾತಕ್ಕೆ ಅಷ್ಟು ನಗುತ್ತಿದ್ದಳು ಅಂತ ನನ್ನ ಒಮ್ಮೆ ಕೇಳ್ರಿ.