ಓಬಳಮ್ಮನ ಜೋಲುಕಿವಿ ಆಡುಗಳು

ಎರಡು ಸಾವಿರದ ಐದರಲ್ಲಿ ಅಂಬಾಜಿದುರ್ಗದ ತಪ್ಪಲಿಗೆ ಸಸಿ ನೆಡುವ ಕೂಲಿಗೆ ಹೋದ ಕನಕರಾಜನಿಗೆ ಗಿಡಗಳ ವಿಚಾರದಲ್ಲಿ ಗೊತ್ತಿದ್ದದ್ದು ಇಷ್ಟೇ: ಬೇರು ಕೆಳಗಿರಬೇಕು. ಮೊದಲ ದಿನವೇ, ಆಡು ಹೊಡೆದುಕೊಂಡು ಬಂದ ಮುದುಕಿ ಓಬಳಮ್ಮನನ್ನು ಮಾತಿಗೆಳೆದ.

"ಅಜ್ಜೀ, ಈ ಬೆಟ್ಟದಾಗೆ ಏನೈತೆ?"

"ಬಂದ್ರೆ."

ಮುಂದಿನ ಮಾತಿಗೆ ಕನಕ ಕಾದ. ಬರಲಿಲ್ಲ. ಪಾಪ, ಯಾರದೋ ದಾರಿ ನೋಡುತ್ತಿದ್ದಾಳೆಂದು ಮರುಗಿ, "ಯಾರು ಬಂದ್ರೆ ಅಜ್ಜೀ? ಮಗನಾ?" ಎಂದ.

"ಬಂದ್ರೆ ಗಿಡ ಕಣೋ! ಆಡು ಮೂಸಿ ಬಿಟ್ಟು ಹೋಗ್ತದಲ್ಲ, ಅದು. ನಂಗೆ ಮಗನೂ ಇಲ್ಲ, ಬರೋರೂ ಇಲ್ಲ."

ಅಂದಿನಿಂದ ಕೂಲಿಯವರ ಬಾಯಲ್ಲಿ ಅವನು 'ಬಂದ್ರೆ ಕನಕ'.

ಓಬಳಮ್ಮ ಮೊದಲು ಆಡಿನವಳಲ್ಲ. ಗಂಡ ಮುನಿಶಾಮಪ್ಪ ಬಂಡೆ ಸಂದಿಗಳಿಂದ ಮಾಕಳಿ ಬೇರು ಅಗೆದು ತರುತ್ತಿದ್ದ. ಇವಳು ಉಪ್ಪಿನಕಾಯಿ ಹಾಕಿ ಚಿಂತಾಮಣಿಯಲ್ಲಿ ಮಾರುತ್ತಿದ್ದಳು. ಅವನು ತೀರಿಹೋದ ಮೇಲೆ ಮಾತಾಡಿಸಲು ಒಲೆಯೊಂದೇ ಉಳಿಯಿತು. ಆಗ ಊರಿನ ಹೆಂಗಸರ ಸಂಘದವರು ಉತ್ತರದ ಸೀಮೆಯಿಂದ ತರಿಸಿದ ಎರಡು ಆಡು ಕೊಟ್ಟರು. ಕರುವಿನಷ್ಟು ಎತ್ತರ, ಜೋಲಾಡುವ ಕಿವಿ. ಎರಡು ಹೋಗಿ ಮಂದೆಯಾಯಿತು. ಊರಿನ ಆಡುಗಳಿಗೆ ಎಟುಕದ್ದನ್ನೂ ಇವು ಹಿಂಗಾಲಲ್ಲಿ ನಿಂತು ಎಳೆದವು. ಮಾಕಳಿ ಚಿಗುರಿದಲ್ಲೆಲ್ಲ ಬಾಯಿ ಹಾಕಿದವು. ಆಡು ತಿನ್ನದ ಬಂದ್ರೆ, ತಂಗಡಿ ಗಿಡಗಳು ಮಾತ್ರ ಬಚಾವಾದವು. ದೂರದಿಂದ ನೋಡಿದರೆ ಬೆಟ್ಟ ಹಸಿರೇ.

ಕನಕನ ಸಸಿಗಳೂ ಅವುಗಳ ಹೊಟ್ಟೆ ಸೇರತೊಡಗಿದಾಗ ಊರವರು ತೀರ್ಮಾನಿಸಿದರು: ಓಬಳಮ್ಮ ಆಡು ಮಾರಬೇಕು, ಇಲ್ಲವೇ ಅವನ್ನು ಹೊಡೆದುಕೊಂಡು ಊರು ಬಿಡಬೇಕು. ಮೇಸ್ತ್ರಿ ಗಂಗುಲಪ್ಪ ಕನಕನನ್ನೇ ಮುಂದೆ ತಳ್ಳಿದ.

"ನಿನ್ನ ಕಂಡ್ರೆ ನಗ್ತಾಳೆ. ನಗ್ತಾ ಇರೋವಾಗ್ಲೇ ಒಪ್ಪಿಸ್ಬಿಡಪ್ಪ."

ಓಬಳಮ್ಮ ನಗಲಿಲ್ಲ. "ಬಾ, ನನ್ನಾಡು ಬಾಯಿ ಹಾಕ್ದೇ ಇರೋದು ಒಂದು ತೋರುಸ್ತೀನಿ," ಎಂದು ಬೆಟ್ಟದ ಹಿಂಭಾಗಕ್ಕೆ ಕರೆದೊಯ್ದಳು. ಅಲ್ಲಿ ಬಂಡೆಯ ಬಿರುಕಿನಲ್ಲಿ, ಮುನಿಶಾಮಪ್ಪ ಅಗೆಯದೆ ಬಿಟ್ಟಿದ್ದ ಒಂದೇ ಒಂದು ಮಾಕಳಿ ಬಳ್ಳಿಯ ಸುತ್ತ ಅವಳು ಜಾಲಿಮುಳ್ಳು ಒಟ್ಟಿದ್ದಳು. ಈಗ ನೋಡಿದರೆ ಮುಳ್ಳು ಪಕ್ಕಕ್ಕೆ ಸರಿದಿತ್ತು. ಬಳ್ಳಿಯಿದ್ದಲ್ಲಿ ಬೆರಳುದ್ದದ ಮೋಟು. ಬಂಡೆಯ ನೆರಳಲ್ಲಿ ಅವಳ ದೊಡ್ಡಾಡು ಬಂಗಾರಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಓಬಳಮ್ಮ ಅಲ್ಲೇ ಕುಕ್ಕರಿಸಿದಳು. ಬಹಳ ಹೊತ್ತು ಮೋಟನ್ನು ಸವರುತ್ತ ಕೂತಳು. ನಗಿಸಲೆಂದೇ ಬಂದಿದ್ದ ಕನಕ ಕೇಳಬಾರದ್ದನ್ನೇ ಕೇಳಿಬಿಟ್ಟ.

"ನಿನ್ ಗಂಡ ಬಿಟ್ಟೋದ ಬಳ್ಳೀನೇ ತಿಂದಾಕ್ತು. ಇನ್ನಾದ್ರೂ ಮಾರ್ತೀಯಾ ಅಜ್ಜೀ?"

ಓಬಳಮ್ಮ ಬಂಗಾರಿಯ ಕಿವಿಗಂಟಿದ್ದ ಮುಳ್ಳು ಕಿತ್ತೆಸೆದಳು.

"ಮಾರಲ್ಲ ಹೋಗೋ. ಬಳ್ಳಿ ಏನು, ಕೂಗಿದ್ರೆ ಓಗೊಡ್ತಿತ್ತಾ?"