ಹಿತ್ತಲಿಗೆ ತಡವಾಗಿ ಬಂದ ಮಲ್ಲಿಗೆ

ನಮ್ಮ ಹಿತ್ತಲಲ್ಲಿ ಇಪ್ಪತ್ತನಾಲ್ಕು ವರ್ಷ ಒಂದೇ ಒಂದು ಹೂವಿನ ಗಿಡ ಬೆಳೆಯದ ಹಾಗೆ ನೋಡಿಕೊಂಡವಳು ನಾನು. ಇದನ್ನು ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ರೇಷ್ಮೆ ಹುಳ ಸಾಕುವ ಮನೆ. ಹಿತ್ತಲಿನ ಒಂದು ಮಗ್ಗುಲಿಗೆ ಹುಳದ ಮನೆ. ಹುಳಕ್ಕೆ ವಾಸನೆ ಆಗುವುದಿಲ್ಲ. ಒಗ್ಗರಣೆಯ ಘಾಟು, ಊದುಬತ್ತಿ, ಪೌಡರು, ಹೂವು, ಯಾವುದೂ ಹತ್ತಿರ ಸುಳಿಯಬಾರದು ಎಂದು ನಮ್ಮ ಅತ್ತೆ ನನಗೆ ಹೇಳಿದ್ದರು. ನಾನು ನನ್ನ ಸೊಸೆಗೆ ಹೇಳಿದೆ. ಮದುವೆ ಮನೆಗೆ ಹೋಗಿ ಬಂದರೆ ತಲೆಯಲ್ಲಿದ್ದ ಹೂವನ್ನು ತೆಗೆದು ಗೇಟಿನ ಕಂಬಕ್ಕೆ ಸಿಕ್ಕಿಸಿ, ಕೈಕಾಲು ತೊಳೆದುಕೊಂಡೇ ಒಳಗೆ ಬರಬೇಕು. ಅವಳು ಹಾಗೇ ಬರುತ್ತಿದ್ದಳು.

ಸೊಸೆ ಬಂದದ್ದು ಸ್ಕಂದಗಿರಿ ಬುಡದ ಊರಿನಿಂದ. ಅವಳ ಅಪ್ಪ ಸೇವಂತಿಗೆ, ಗುಲಾಬಿ ಬೆಳೆದು ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹಾಕುತ್ತಿದ್ದವರು. ಮದುವೆಯಾದ ವರ್ಷವೇ ತವರಿನಿಂದ ಮಲ್ಲಿಗೆಯ ನಾಲ್ಕು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದಳು.

"ಅತ್ತೆ, ಬಚ್ಚಲ ನೀರು ಹೋಗೋ ಕಡೆ ನೆಡ್ತೀನಿ. ಹುಳದ ಮನೆಗೆ ದೂರ ಐತೆ" ಅಂದಳು.

"ಗಾಳಿ ಬಂದಾಗ ವಾಸನೇನ ಸೆರಗಲ್ಲಿ ಹಿಡ್ಕೊಂಡು ನಿಂತ್ಕೋತೀಯಾ?" ಅಂದೆ.

ಕಡ್ಡಿಗಳು ಒಗೆಯುವ ಕಲ್ಲಿನ ಮೇಲೆ ಎರಡು ದಿನ ಇದ್ದು ಒಣಗಿದವು. ಮೂರನೆಯ ದಿನ ನಾನೇ ಒಲೆಗೆ ಹಾಕಿದೆ.

ಐದು ವರ್ಷದ ಹಿಂದೆ ಹುಳ ಸಾಕುವುದನ್ನು ಬಿಟ್ಟೆವು. ನನ್ನ ಮಂಡಿ ಹೋಗಿತ್ತು, ಮಗನಿಗೆ ಪಂಚಾಯಿತಿ ಕಚೇರಿಯ ಕೆಲಸ, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಆಳು ಸಿಗುತ್ತಿರಲಿಲ್ಲ. ಆಗಲಾದರೂ ಗಿಡ ಹಾಕು ಎನ್ನಬಹುದಿತ್ತು. ಅನ್ನಲಿಲ್ಲ. ಮುಂದಿನ ವರ್ಷ ಮತ್ತೆ ಸಾಕಿದರೂ ಸಾಕಿಯೇವು ಎಂದು ಹೇಳುತ್ತಾ ಬಂದೆ. ಸಾಕುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬೇಡ ಎಂದು ಹೇಳಿ ಹೇಳಿ ಅಭ್ಯಾಸವಾಗಿತ್ತು, ಅಷ್ಟೇ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಹಿತ್ತಲಲ್ಲೇ ಒಂದರ ಮೇಲೊಂದು ಪೇರಿಸಿಟ್ಟೆವು. ಗೆದ್ದಲು ತಿಂದಿತು. ತುಕ್ಕು ಹಿಡಿದ ತಗಡು, ಹರಿದ ಗೋಣಿಚೀಲ, ಸೊಪ್ಪಿನ ಕಡ್ಡಿಯ ರಾಶಿ. ಮಿಕ್ಕದ್ದು ಬರಿ ನೆಲ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳ ಎದೆಯಲ್ಲಿ ಗಂಟು ಇರುವುದು ಗೊತ್ತಾಯಿತು. ಅವಳಿಗೆ ಮೊದಲೇ ಗೊತ್ತಿತ್ತಂತೆ, ಹೇಳಿರಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನೋಡುವ ಹೊತ್ತಿಗೆ ಲಿವರ್‌ಗೂ ಹಬ್ಬಿತ್ತು. ಮೂರು ವಾರಕ್ಕೊಮ್ಮೆ ನರಕ್ಕೆ ಔಷಧಿ ಏರಿಸಿಕೊಂಡು ಬರುವುದು, ಬಂದು ಮಲಗುವುದು. ಮಲಗುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಅದರ ಕಿಟಕಿ ಹಿತ್ತಲಿಗೆ ತೆರೆಯುತ್ತದೆ.

ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದೆ. ಗೋಡೆ ಕಡೆಗೆ ತಿರುಗಿ ಮಲಗಿದ್ದಳು.

"ಕಿಟಕಿ ಮುಚ್ಚಿಬಿಡಿ ಅತ್ತೆ. ನೋಡಕ್ಕೆ ಏನೈತೆ ಅಲ್ಲಿ."

ಸಿಟ್ಟಿನಿಂದ ಹೇಳಿದ್ದಲ್ಲ. ಬಾಗಿಲು ಹಾಕ್ಕೊಳ್ಳಿ ಅಂದಷ್ಟೇ ಸಲೀಸಾಗಿ ಹೇಳಿದಳು. ನಾನು ಕಿಟಕಿ ಮುಚ್ಚಿ ಹೊರಗೆ ಬಂದು, ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಕರೆದೆ.

"ತೋಟ ಮಾಡಿಕೊಡೋರು ಇರ್ತಾರಲ್ಲ, ಅವರನ್ನ ಫೋನಲ್ಲಿ ಹುಡುಕು."

"ಯಾರ ಮನೆಗಜ್ಜಿ?"

"ನಮ್ಮ ಮನೆಗೆ ಕಣೇ. ನಿಮ್ಮಮ್ಮಂಗೆ."

"ನೀನಾ ಹೇಳ್ತಿರೋದು?"

"ನಾನಲ್ದೆ ನಮ್ಮತ್ತೆ ಬಂದು ಹೇಳ್ತಾರಾ? ಹುಡುಕೇ ಅಂದ್ರೆ."

ಕಡ್ಡಿ ನೆಟ್ಟು ಕಾಯಲು ನಮಗೆ ಹೊತ್ತಿರಲಿಲ್ಲ. ಕಡ್ಡಿ ಚಿಗುರಿ ಗಿಡವಾಗಿ ಹೂ ಬಿಡಲು ವರ್ಷ ಬೇಕು. ಹೂ ಬಿಡುತ್ತಿರುವ ಗಿಡವನ್ನೇ ಬೇರು ಸಮೇತ ತಂದು ನಿಲ್ಲಿಸುವವರು ಬೇಕಿತ್ತು.

ನಂದಿ ಕಡೆಯ ರೆಸಾರ್ಟುಗಳಿಗೆ ತೋಟ ಮಾಡಿಕೊಡುವವನೊಬ್ಬ ಬಂದ. ಟೇಪು ಹಿಡಿದು ಹಿತ್ತಲನ್ನೆಲ್ಲ ಅಳೆದ. ಆಮೇಲೆ ಸಿನಿಮಾ ಪರದೆಯಂಥ ದೊಡ್ಡ ಫೋನಿನಲ್ಲಿ ನಮ್ಮ ಹಿತ್ತಲನ್ನೇ ಹಸಿರು ಮಾಡಿ ತೋರಿಸಿದ.

"ಮಧ್ಯದಲ್ಲಿ ಲಾನ್ ಬರುತ್ತೆ ಅಜ್ಜಿ. ಹುಲ್ಲು."

"ಹಸು ಮಾರಿ ಹತ್ತು ವರ್ಷ ಆಯ್ತಪ್ಪ. ಹುಲ್ಲು ಯಾರು ಮೇಯ್ತಾರೆ?"

"ಮೇಯಕ್ಕಲ್ಲ, ನೋಡಕ್ಕೆ."

ಕಿಟಕಿಯ ಒಳಗಿಂದ ಸೊಸೆ ನಕ್ಕಳು. ಆ ಜನವರಿಯಿಂದ ಅವಳು ನಕ್ಕಿದ್ದು ಅದೇ ಮೊದಲು. ಅವನು ಕಿಟಕಿಯ ಹತ್ತಿರ ಹೋಗಿ ಯಾವ ಗಿಡ ಬೇಕಮ್ಮ ಎಂದು ಕೇಳಿದ. ಅವಳು ಎದ್ದು ಕೂತು ಹೇಳಿದಳು. ದುಂಡುಮಲ್ಲಿಗೆ ಜಾಸ್ತಿ ಇರಲಿ, ಆಮೇಲೆ ಸುಗಂಧರಾಜ, ಸಂಪಿಗೆ, ರಾತ್ರಿರಾಣಿ. ಒಂದೂ ತಡವರಿಸಲಿಲ್ಲ. ಎಷ್ಟು ವರ್ಷದಿಂದ ಲೆಕ್ಕ ಹಾಕಿಟ್ಟುಕೊಂಡಿದ್ದಳೋ ಏನೋ.

"ಇಷ್ಟು ದಿನ ಯಾಕಮ್ಮ ಒಂದು ಗಿಡಾನೂ ಹಾಕ್ಲಿಲ್ಲ?" ಅಂದ ಅವನು.

"ಹುಳ ಇತ್ತಲ್ಲ" ಅಂದಳು ಸೊಸೆ.

ನನ್ನ ಹೆಸರು ಎತ್ತಲಿಲ್ಲ. ಅವನು ನನ್ನ ಕಡೆ ತಿರುಗಿ, "ಹೂವಿನ ವಾಸನೆಗೆ ಹುಳ ಸಾಯುತ್ತಾ ಅಜ್ಜಿ?" ಎಂದು ಕೇಳಿದ.

"ನಮ್ಮತ್ತೆ ಹೇಳಿದ್ರು. ನಾನು ಪರೀಕ್ಷೆ ಮಾಡಕ್ಕೆ ಹೋಗ್ಲಿಲ್ಲ."

ಯುಗಾದಿ ಮುಗಿದ ವಾರ ಕೆಲಸ ಹಿಡಿದರು. ಚಂದ್ರಿಕೆ, ತಗಡು ಎಲ್ಲ ಟ್ರ್ಯಾಕ್ಟರಿಗೆ ತುಂಬಿ ಸಾಗಿಸಿದರು. ಗಟ್ಟಿ ನೆಲವನ್ನು ಅಗೆದು, ಕೆಮ್ಮಣ್ಣು, ಕುರಿಗೊಬ್ಬರ ಬೆರೆಸಿದರು. ಹುಲ್ಲು ಚಾಪೆಯ ಹಾಗೆ ಸುತ್ತಿಕೊಂಡು ಬಂದಿತ್ತು, ಬಿಚ್ಚಿ ಹಾಸಿದರು. ಚಪ್ಪಡಿ ಕಲ್ಲಿನ ಕಾಲುದಾರಿ, ಗಿಡದ ಬುಡಬುಡಕ್ಕೆ ನೀರಿನ ಪೈಪು, ಮೂಲೆಯಲ್ಲಿ ಒಂದು ಕಲ್ಲುಬೆಂಚು. ಮಲ್ಲಿಗೆ ಗಿಡಗಳನ್ನು ದೊಡ್ಡ ಚೀಲಗಳಲ್ಲಿ ತಂದರು, ಮೈ ತುಂಬ ಮೊಗ್ಗು. ಆರನೆಯ ದಿನ ಸಂಜೆ ಹಿತ್ತಲು ನಮ್ಮದಲ್ಲ ಅನ್ನುವ ಹಾಗಿತ್ತು. ಮಗ ಹೆಂಡತಿಯನ್ನು ಎತ್ತಿಕೊಂಡ ಹಾಗೇ ಕರೆತಂದು ಬೆಂಚಿನ ಮೇಲೆ ಕೂರಿಸಿದ.

ದೀಪ ಹಚ್ಚುವ ಹೊತ್ತಿಗೆ ಮಲ್ಲಿಗೆ ಅರಳಿತು. ಸೊಸೆ ಮೂಗಿಗೆ ಸೆರಗು ಒತ್ತಿಕೊಂಡಳು. ಎರಡು ನಿಮಿಷ ತಡೆದುಕೊಂಡಳು. ಆಮೇಲೆ ಹೊಸ ಹುಲ್ಲಿನ ಮೇಲೆಯೇ ವಾಂತಿ ಮಾಡಿಕೊಂಡಳು. ಒಳಗೆ ಕರೆದುಕೊಂಡು ಹೋಗಿ ಕಿಟಕಿ ಮುಚ್ಚಿದರೂ ನಿಲ್ಲಲಿಲ್ಲ. ಆ ಔಷಧಿ ತೆಗೆದುಕೊಳ್ಳುವವರಿಗೆ ವಾಸನೆ ಆಗುವುದಿಲ್ಲ ಎಂದು ಆಮೇಲೆ ಫೋನಿನಲ್ಲಿ ಡಾಕ್ಟರು ಹೇಳಿದರು. ಗಿಡ ಆರಿಸುವಾಗ ಅವಳಿಗೆ ಅದು ನೆನಪಾಗಲಿಲ್ಲ. ಅನ್ನದ ಹಬೆಗೇ ಮುಖ ತಿರುಗಿಸುತ್ತಿದ್ದುದನ್ನು ದಿನವೂ ನೋಡುತ್ತಿದ್ದ ನನಗೂ ಹೊಳೆಯಲಿಲ್ಲ. ಹುಳದ ವಿಷಯವಾಗಿದ್ದರೆ ತಕ್ಷಣ ಹೊಳೆಯುತ್ತಿತ್ತು.

ತೋಟದವನು ಮಾರನೆಯ ದಿನ ಬಂದು, ವಾಸನೆಯ ಗಿಡಗಳನ್ನೆಲ್ಲ ತೆಗೆದು ದಾಸವಾಳ ಹಾಕಿಕೊಡುತ್ತೇನೆ ಎಂದ. ಸೊಸೆ ಒಪ್ಪಲಿಲ್ಲ.

"ಕೀಳ್ಬೇಡಿ. ಔಷಧಿ ಮುಗಿದ್ಮೇಲೆ ಸರಿಹೋಗುತ್ತಂತೆ. ಆಮೇಲೆ ದಿನಾ ಅಲ್ಲೇ ಕೂತ್ಕೋತೀನಿ."

ರಾತ್ರಿರಾಣಿಯನ್ನು ಮಾತ್ರ ವಾಪಸು ಕಳಿಸಿದೆವು. ಸುಗಂಧರಾಜದ ದಂಟುಗಳನ್ನು ಕತ್ತರಿಸಿದೆ. ಸಂಪಿಗೆ ಇನ್ನೂ ಎಳೆಯದು. ಉಳಿದದ್ದು ಮಲ್ಲಿಗೆ. ಅವತ್ತಿನಿಂದ ಮಧ್ಯಾಹ್ನ ಮೂರರ ಮೇಲೆ ಅದು ನನ್ನ ಕೆಲಸವಾಯಿತು. ಆ ಸಂಜೆ ಅರಳುವ ಮೊಗ್ಗು ಯಾವುದು ಎಂದು ನೋಡಿದರೆ ತಿಳಿಯುತ್ತದೆ, ಊದಿಕೊಂಡು ಬೆಳ್ಳಗಾಗಿರುತ್ತದೆ. ಒಂದೂ ಬಿಡದೆ ಬಿಡಿಸುತ್ತಿದ್ದೆ. ಮೊದಲ ದಿನ ಪೆದ್ದಿಯ ಹಾಗೆ ಬುಟ್ಟಿಯನ್ನು ಅಡುಗೆಮನೆಯಲ್ಲಿಟ್ಟೆ. ಬಿಡಿಸಿದರೇನು, ಹೊತ್ತಿಗೆ ಸರಿಯಾಗಿ ಬುಟ್ಟಿಯಲ್ಲೇ ಅರಳಿದವು. ಸೊಸೆ ಮತ್ತೆ ವಾಂತಿಗೆ ಬಕೆಟ್ಟು ಕೇಳಿದಳು. ಆಮೇಲೆ ಬಿಡಿಸಿದ್ದನ್ನೆಲ್ಲ ಬೀದಿಯ ಹೆಂಗಸರಿಗೆ ಹಂಚಿಬಿಡುತ್ತಿದ್ದೆ. ಅವರು ಮುಡಿದುಕೊಂಡೇ ರೋಗಿಯನ್ನು ನೋಡಲು ಬರುವರು. ಬಾಗಿಲಲ್ಲೇ ನಿಲ್ಲಿಸಿ ಹೂವು ತೆಗೆಸುತ್ತಿದ್ದೆ.

"ಕೊಟ್ಟೋಳೂ ನೀನೇ, ತೆಗ್ಸೋಳೂ ನೀನೇ" ಎಂದು ಒಬ್ಬಳು ಆಡಿಕೊಂಡಳು.

ಸೊಸೆ ಕಿಟಕಿಯಿಂದ ನಾನು ಬಿಡಿಸುವುದನ್ನು ನೋಡುತ್ತಾ ಮಲಗಿರುತ್ತಿದ್ದಳು. ಪೊರೆ ಬಿಡುವ ಮುಂಚೆ ಹುಳ ಮೇವು ಮುಟ್ಟದೆ ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದು ದಿನ ಅವಳು ಅದನ್ನೇ ಹೇಳಿದಳು.

"ಈಗ ನಾನೇ ನಿಮ್ಮ ಹುಳ ಆಗ್ಬಿಟ್ಟೆ ನೋಡಿ ಅತ್ತೆ. ಜ್ವರಕ್ಕೆ ಕೂತಿದೀನಿ."

"ಜ್ವರ ಬಿಟ್ಟ ಹುಳ ಬಕಬಕ ಅಂತ ತಿಂತದೆ. ನೀನೂ ಎದ್ದು ಎರಡು ತುತ್ತು ತಿನ್ನು, ನೋಡಣ."

ತಿನ್ನಲಿಲ್ಲ. ಆದರೂ ದಿನ ಎಣಿಸುತ್ತಿದ್ದಳು. ಔಷಧಿ ಇನ್ನು ಮೂರು ಸಲ, ಇನ್ನು ಎರಡು ಸಲ ಎನ್ನುವಳು. ನಾನೂ ಎಣಿಸುತ್ತಿದ್ದೆ. ಬುಟ್ಟಿ ತುಂಬುತ್ತಿದ್ದದ್ದು ಕಾಲು ಬುಟ್ಟಿಯಾಯಿತು, ಆಮೇಲೆ ಒಂದು ಹಿಡಿಯಾಯಿತು. ಮಲ್ಲಿಗೆ ಬೇಸಿಗೆಯ ಹೂವು. ಮಳೆಗಾಲ ಹಿಡಿದರೆ ಮುಗಿಯಿತು. ನಾನು ಅವಳಿಗೆ ಹೇಳಲಿಲ್ಲ. ಹೂ ಬೆಳೆದವರ ಮಗಳಿಗೆ ನಾನು ಹೇಳಬೇಕಾಗಿಯೂ ಇರಲಿಲ್ಲ.

ಆಷಾಢದ ಕೊನೆಯಲ್ಲಿ ಬೆಂಗಳೂರಿಗೆ ಹೋದ ಮಗ ಔಷಧಿ ಹಾಕಿಸದೆ ಅವಳನ್ನು ವಾಪಸು ಕರೆತಂದ. ಗೇಟಿನ ಹೊರಗೆ ನಿಂತು ನನಗೆ ಹೇಳಿದ:

"ಇನ್ನು ಏರಿಸಿ ಪ್ರಯೋಜನ ಇಲ್ವಂತಮ್ಮ. ಮನೇಲೇ ನೋಡ್ಕೊಳ್ಳಿ ಅಂದ್ರು."

"ಅವಳಿಗೆ ಹೇಳ್ದೇನೋ?"

"ಅವಳ ಮುಂದೇನೇ ಹೇಳಿದ್ರು."

ಔಷಧಿ ನಿಂತ ಮೇಲೆ ಎರಡು ಮೂರು ವಾರಕ್ಕೆ ವಾಂತಿ ನಿಂತಿತು. ಸಾರಿನ ವಾಸನೆ ಚೆನ್ನಾಗಿದೆ ಎಂದಳು. ಬೀದಿಯವರು ಸುಧಾರಿಸಿಕೊಂಡಳು ಎಂದರು. ಮೈ ಇಳಿಯುತ್ತಲೇ ಇತ್ತು. ಒಂದು ಮಧ್ಯಾಹ್ನ ಮಳೆ ಬಿಟ್ಟಿತ್ತು. ನಾನು ಎಂದಿನಂತೆ ಮಲ್ಲಿಗೆಯ ಹತ್ತಿರ ಹೋದಾಗ ಕಿಟಕಿಯಿಂದ ಕೂಗಿದಳು.

"ಅತ್ತೆ, ಇವತ್ತು ಬಿಡಿಸಬೇಡಿ."

ಗಿಡಗಳನ್ನೆಲ್ಲ ಹುಡುಕಿದೆ. ಎಲ್ಲ ಸೇರಿ ಏಳು ಮೊಗ್ಗು ಇದ್ದವು. ಒಂದು ಎಲೆಯ ಅಡಿಯಲ್ಲಿ ಅರ್ಧ ಕೊಳೆತಿತ್ತು.

ಮಗ ಕುರ್ಚಿ ಸಮೇತ ತಂದು ಕೂರಿಸಿದ. ನಾನು ಬೆಂಚಿನ ಮೇಲೆ ಕೂತೆ. ಸಂಜೆಯಾಗುವವರೆಗೆ ಮೂವರೂ ಕಾದೆವು. ಕತ್ತಲಾಗುವ ಮುಂಚೆ ಅವಳು ಗಿಡದ ಕಡೆ ಬಗ್ಗಿ, "ಬರ್ತಾ ಐತೆ" ಅಂದಳು. ನಾನು ಕೂತ ಕಡೆಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಹೌದು ಅಂದೆ.

"ಅವತ್ತು ಆ ಕಡ್ಡಿ ನೆಡಕ್ಕೆ ಬಿಡ್ಬೇಕಾಗಿತ್ತು ನಾನು" ಎಂದೂ ಅಂದೆ. ಅಷ್ಟು ಹೇಳಲು ನನಗೆ ಇಪ್ಪತ್ತನಾಲ್ಕು ವರ್ಷ ಹಿಡಿದಿತ್ತು.

"ಬಿಡ್ಬೇಕಾಗಿತ್ತು" ಅಂದಳು ಅವಳು.

ಪರವಾಗಿಲ್ಲ ಬಿಡಿ ಅತ್ತೆ ಎನ್ನಲಿಲ್ಲ. ಅಂದಿದ್ದರೆ ನಾನು ನಂಬುತ್ತಿರಲಿಲ್ಲ.

ಅದಾಗಿ ಒಂಬತ್ತನೆಯ ದಿನ ಹೋದಳು. ಗಂಡ ಇದ್ದಾಗಲೇ ಹೋದವಳಿಗೆ ಅರಿಶಿನ ಕುಂಕುಮ ಇಟ್ಟು ಮೈ ತುಂಬ ಹೂವು ಮುಡಿಸಿ ಕಳಿಸಬೇಕು. ಹಿತ್ತಲಲ್ಲಿ ಒಂದು ಹೂವೂ ಇರಲಿಲ್ಲ. ಮಾರುಕಟ್ಟೆಯಿಂದ ತರಿಸಿದೆವು. "ಮುತ್ತೈದೆ ಸಾವು, ಪುಣ್ಯವಂತೆ" ಎಂದು ಬೀದಿಯವಳೊಬ್ಬಳು ರಾಗ ಎಳೆದಳು. "ನಲವತ್ತಾರು ವರ್ಷಕ್ಕೆ ಯಾವ ಪುಣ್ಯನೇ ಅದು, ಬಾಯಿ ಮುಚ್ಚು" ಅಂದೆ.

ತಿಂಗಳ ಮೇಲೆ ತೋಟದವನು ಗಿಡ ನೋಡಲು ಬಂದ. ಮಲ್ಲಿಗೆಯ ಕೊಂಬೆಗಳನ್ನು ಚಳಿಗಾಲದಲ್ಲಿ ಸವರಬೇಕು, ಸವರಿದರೆ ಬೇಸಿಗೆಗೆ ಇದರ ಎರಡರಷ್ಟು ಬಿಡುತ್ತದೆ ಎಂದು ಹೇಳಿಕೊಟ್ಟ. ಕತ್ತರಿ ಎಲ್ಲಿಗೆ ಇಡಬೇಕು ಎಂದು ಕೇಳಿದೆ. ತೋರಿಸಿದ.